ಸಾಲ ತೀರಿಸೋಕೆ ಕಥೆ ಬರೆದವನು: ಎಡ್ಗರ್ ವ್ಯಾಲೇಸ್

ಕಿಂಗ್ ಕಾಂಗ್ ಸಿನಿಮಾ ನೋಡದವರು ನಮ್ಮ ಹಾಸ್ಟೆಲ್‌ನಲ್ಲಿ ಯಾರೂ ಇರಲಿಕ್ಕಿಲ್ಲ. ಆದ್ರೆ 1933ರ ಮೊದಲ ಕಿಂಗ್ ಕಾಂಗ್‌ನ ಟೈಟಲ್‌ನಲ್ಲಿ ಬರೋ ಎಡ್ಗರ್ ವ್ಯಾಲೇಸ್ ಅನ್ನೋ ಹೆಸರನ್ನ ಗಮನಿಸಿದವರು ಎಷ್ಟು ಜನ? ಷೆರ್ಲಾಕ್ ಹೋಮ್ಸ್ ಗೊತ್ತು, ಅಗಾಥಾ ಕ್ರಿಸ್ಟಿ ಗೊತ್ತು, ಈತ ಮಾತ್ರ ನನಗೂ ಗೊತ್ತಿರಲಿಲ್ಲ. ಕಳೆದ ರಜೆಯಲ್ಲಿ ಅಜ್ಜನ ಕಪಾಟಿನಲ್ಲಿ ರಟ್ಟು ಕಿತ್ತುಹೋದ ಒಂದು ಪುಸ್ತಕ ಸಿಕ್ತು, ದಿ ಫೋರ್ ಜಸ್ಟ್ ಮೆನ್. ಒಂದೇ ರಾತ್ರಿಯಲ್ಲಿ ಓದಿ ಮುಗಿಸಿದೆ. ಆಮೇಲೆ ಬರೆದವನು ಯಾರು ಅಂತ ಹುಡುಕ್ತಾ ಹೋದೆ. ನಿಜ ಹೇಳ್ಬೇಕು ಅಂದ್ರೆ, ಅವನ ಕಾದಂಬರಿಗಿಂತ ಅವನ ಬದುಕೇ ಹೆಚ್ಚು ಥ್ರಿಲ್ಲಿಂಗ್ ಆಗಿತ್ತು.

ವ್ಯಾಲೇಸ್ ಹುಟ್ಟಿದ್ದು 1875ರ ಏಪ್ರಿಲ್ 1ರಂದು, ಲಂಡನ್ನಿನ ಗ್ರೀನಿಚ್‌ನಲ್ಲಿ. ತಾಯಿ ಪಾಲಿ ರಿಚರ್ಡ್ಸ್ ಊರೂರು ಸುತ್ತೋ ನಾಟಕ ಕಂಪನಿಯ ನಟಿ. ತಂದೆಯೂ ಅದೇ ಕಂಪನಿಯ ನಟ, ಆದ್ರೆ ಅವರಿಬ್ಬರಿಗೆ ಮದುವೆ ಆಗಿರಲಿಲ್ಲ. ಆ ಕಾಲದಲ್ಲಿ ಇದು ಹೊರಗೆ ಗೊತ್ತಾದ್ರೆ ಅವಳ ಕೆಲಸವೂ ಇಲ್ಲ, ಮರ್ಯಾದೆಯೂ ಇಲ್ಲ. ಹಾಗಾಗಿ ಗುಟ್ಟಾಗಿ ಹೆತ್ತು, ಕೆಲವೇ ದಿನದಲ್ಲಿ ಮಗುವನ್ನ ಜಾರ್ಜ್ ಫ್ರೀಮನ್ ಅನ್ನೋನ ಮನೆಯಲ್ಲಿ ಬಿಟ್ಟಳು. ಫ್ರೀಮನ್ ಬಿಲ್ಲಿಂಗ್ಸ್‌ಗೇಟ್ ಮೀನು ಮಾರ್ಕೆಟ್ಟಿನಲ್ಲಿ ಮೀನಿನ ಬುಟ್ಟಿ ಹೊರುವ ಕೂಲಿ. ಪಾಲಿ ಮಗುವಿನ ಖರ್ಚಿಗೆ ಸ್ವಲ್ಪ ದುಡ್ಡು ಕೊಡ್ತಿದ್ದಳು. 1878ರ ಹೊತ್ತಿಗೆ ಅದೂ ಕಷ್ಟ ಆಯ್ತು. ದುಡ್ಡು ನಿಂತ್ರೆ ಮಗು ಅನಾಥರ ಜೊತೆ ವರ್ಕ್‌ಹೌಸ್ ಸೇರಬೇಕಿತ್ತು. ಫ್ರೀಮನ್ ಮನೆಯಲ್ಲಿ ಆಗಲೇ ಮನೆ ತುಂಬಾ ಮಕ್ಕಳು. ಆದ್ರೂ ಅವರು ಕಳಿಸಲಿಲ್ಲ, ತಾವೇ ಇಟ್ಟುಕೊಂಡು ಸಾಕಿದರು. ಹುಡುಗ ಬೆಳೆದದ್ದು ಡಿಕ್ ಫ್ರೀಮನ್ ಅನ್ನೋ ಹೆಸರಿನಲ್ಲಿ.

ಸ್ಕೂಲು ಹನ್ನೆರಡನೇ ವಯಸ್ಸಿಗೆ ಮುಗೀತು. ಅದಕ್ಕೂ ಮೊದಲೇ ಲಡ್‌ಗೇಟ್ ಸರ್ಕಸ್ ಅನ್ನೋ ವೃತ್ತದಲ್ಲಿ ನಿಂತು ಪೇಪರ್ ಮಾರ್ತಿದ್ದ. ಆಮೇಲೆ ಪ್ರಿಂಟಿಂಗ್ ಪ್ರೆಸ್, ರಬ್ಬರ್ ಫ್ಯಾಕ್ಟರಿ, ಚಪ್ಪಲಿ ಅಂಗಡಿ, ಮೀನುಗಾರಿಕೆ ಹಡಗಿನ ಅಡುಗೆಮನೆ, ಹಾಲು ಹಾಕೋ ಕೆಲಸ. ಯಾವುದರಲ್ಲೂ ನಿಲ್ಲಲಿಲ್ಲ. ಹಾಲಿನ ಕೆಲಸ ಹೋಗಿದ್ದು ದುಡ್ಡು ಕದ್ದಿದ್ದಕ್ಕೆ. ಮುಂದೆ ಕಳ್ಳರ ಬಗ್ಗೆ ಅಷ್ಟು ಸಲೀಸಾಗಿ ಬರೆದವನಿಗೆ ಆ ಲೋಕ ತೀರಾ ದೂರದ್ದೇನೂ ಆಗಿರಲಿಲ್ಲ ಅಂತ ಕಾಣುತ್ತೆ.

ಹತ್ತೊಂಬತ್ತನೇ ವಯಸ್ಸಿಗೆ, ಅಂದ್ರೆ ಈಗ ನನ್ನ ವಯಸ್ಸಿಗೆ, ಸೈನ್ಯ ಸೇರಿದ. 1896ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಪೋಸ್ಟಿಂಗ್. ಅಲ್ಲಿ ಪದ್ಯ ಬರೆಯೋಕೆ ಶುರು ಮಾಡಿದ, ರಡ್ಯಾರ್ಡ್ ಕಿಪ್ಲಿಂಗ್‌ನ ಪರಿಚಯವೂ ಆಯ್ತು. 1899ರಲ್ಲಿ ದುಡ್ಡು ಕಟ್ಟಿ ಸೈನ್ಯದಿಂದ ಬಿಡಿಸಿಕೊಂಡು ಯುದ್ಧ ವರದಿಗಾರನಾದ. ಮೊದಲು ರಾಯಿಟರ್ಸ್, ಆಮೇಲೆ ಡೈಲಿ ಮೇಲ್.

ಆಗ ಬ್ರಿಟಿಷರಿಗೂ ಬೋಯರ್‌ಗಳಿಗೂ ಯುದ್ಧ ನಡೀತಿತ್ತು. 1902ರಲ್ಲಿ ಫೆರೀನಿಖಿಂಗ್ ಅನ್ನೋ ಊರಲ್ಲಿ ಶಾಂತಿ ಮಾತುಕತೆ. ಸುತ್ತ ಬೇಲಿ, ಪತ್ರಕರ್ತರಿಗೆ ಪ್ರವೇಶ ಇಲ್ಲ, ಕಿಚನರ್‌ನ ಬಿಗಿ ಸೆನ್ಸಾರ್ ಬೇರೆ. ವ್ಯಾಲೇಸ್ ಏನು ಮಾಡಿದ ಗೊತ್ತಾ? ಒಳಗೆ ಕಾವಲಿದ್ದ ಒಬ್ಬ ಹಳೇ ಸೈನಿಕ ಗೆಳೆಯನ ಜೊತೆ ಒಪ್ಪಂದ ಮಾಡಿಕೊಂಡ. ಇವನು ಕ್ಯಾಂಪಿನ ಪಕ್ಕ ಹಾದುಹೋಗೋ ರೈಲಿನಲ್ಲಿ ಓಡಾಡೋದು, ಅವನು ಬೇಲಿ ಹತ್ರ ನಿಂತು ಕರ್ಚೀಫ್ ತೆಗೆದು ಮೂಗು ಒರೆಸಿಕೊಳ್ಳೋದು. ಒಂದೊಂದು ಬಣ್ಣದ ಕರ್ಚೀಫಿಗೆ ಒಂದೊಂದು ಅರ್ಥ. ಬಿಳಿ ಕಂಡ್ರೆ ಒಪ್ಪಂದ ಖಾತ್ರಿ. ಆಮೇಲೆ ಸುದ್ದಿಯನ್ನ ಶೇರು ವ್ಯವಹಾರದ ಟೆಲಿಗ್ರಾಂ ತರ ಬರೆದು ಲಂಡನ್ನಿಗೆ ಕಳಿಸಿದ. ಸಿಗ್ನಲ್, ಎನ್‌ಕೋಡಿಂಗ್, ಚಾನೆಲ್, ನಮ್ಮ ಸಿಲಬಸ್ಸಿನ ಅರ್ಧ ಇಲ್ಲೇ ಇದೆ! ಡೈಲಿ ಮೇಲ್ ಎಲ್ಲರಿಗಿಂತ ಮೊದಲು ಸುದ್ದಿ ಕೊಡ್ತು. ಕಿಚನರ್ ಸಿಟ್ಟಾಗಿ ವ್ಯಾಲೇಸ್ ಇನ್ಮುಂದೆ ಯುದ್ಧ ವರದಿ ಮಾಡೋ ಹಾಗಿಲ್ಲ ಅಂತ ನಿಷೇಧ ಹಾಕಿದ.

ಮುಂದೆ ಜೋಹಾನ್ಸ್‌ಬರ್ಗಿನ ರಾಂಡ್ ಡೈಲಿ ಮೇಲ್ ಪತ್ರಿಕೆಯ ಮೊದಲ ಸಂಪಾದಕನಾದ. ಕೈ ತುಂಬಾ ಸಂಬಳ. ಬಂದಿದ್ದಕ್ಕಿಂತ ಹೆಚ್ಚು ಖರ್ಚು ಮಾಡಿದ, ಯಜಮಾನನ ಜೊತೆ ಜಗಳ ಆಡಿದ, ಸಾಲ ಹೊತ್ತು 1903ರಲ್ಲಿ ಲಂಡನ್ನಿಗೆ ವಾಪಸ್ ಬಂದ. ಅದೇ ವರ್ಷ ಅವನ ಪುಟ್ಟ ಮಗಳು ಎಲಿನರ್ ಮೆದುಳು ಜ್ವರದಿಂದ ತೀರಿಕೊಂಡಳು.

ಅದೇ ವರ್ಷ ಇನ್ನೊಂದು ಘಟನೆ ನಡೀತು. ಅರವತ್ತರ ಆಸುಪಾಸಿನ, ಕಾಯಿಲೆ ಬಿದ್ದ, ಕೈಯಲ್ಲಿ ಕಾಸಿಲ್ಲದ ಒಬ್ಬ ಹೆಂಗಸು ಅವನನ್ನ ಹುಡುಕಿಕೊಂಡು ಬಂದಳು. ಅವಳು ಪಾಲಿ, ಅವನ ಹೆತ್ತ ತಾಯಿ. ಸ್ವಲ್ಪ ದುಡ್ಡು ಬೇಕಿತ್ತು. ವ್ಯಾಲೇಸ್ ಕೊಡಲಿಲ್ಲ, ವಾಪಸ್ ಕಳಿಸಿಬಿಟ್ಟ. ಅದೇ ವರ್ಷ ಬ್ರಾಡ್‌ಫರ್ಡಿನ ಆಸ್ಪತ್ರೆಯಲ್ಲಿ ಅವಳು ಸತ್ತಳು. ಇದನ್ನ ಓದಿದಾಗ ನನಗೆ ಅವನ ಮೇಲೆ ಸಿಟ್ಟು ಬಂತು. ಆಮೇಲೆ ಯೋಚನೆ ಮಾಡಿದೆ, ಬಿಟ್ಟುಹೋದವಳು ಇಷ್ಟು ವರ್ಷ ಆದ್ಮೇಲೆ ಬಾಗಿಲಿಗೆ ಬಂದ್ರೆ ನಾನಾದ್ರೂ ಏನು ಮಾಡ್ತಿದ್ದೆ? ಉತ್ತರ ಸಿಗಲಿಲ್ಲ.

ಇನ್ನು ದಿ ಫೋರ್ ಜಸ್ಟ್ ಮೆನ್ ವಿಷಯಕ್ಕೆ ಬರೋಣ. ಬ್ರಿಟನ್ನಿನ ವಿದೇಶಾಂಗ ಮಂತ್ರಿಗೆ ಒಂದು ಬೆದರಿಕೆ ಬರುತ್ತೆ. ಒಂದು ಮಸೂದೆ ವಾಪಸ್ ತಗೋ, ಇಲ್ಲಾಂದ್ರೆ ಇಂಥ ದಿನ ಇಂಥ ಹೊತ್ತಿಗೆ ಸಾಯ್ತೀಯ ಅಂತ. ಮಂತ್ರಿ ಒಪ್ಪಲ್ಲ. ಸ್ಕಾಟ್ಲೆಂಡ್ ಯಾರ್ಡಿನ ಪೊಲೀಸರು ಇಡೀ ಬೀದಿಯನ್ನ ಸುತ್ತುವರೀತಾರೆ. ಬಾಗಿಲು ಹಾಕಿದ ಕೋಣೆಯಲ್ಲಿ ಮಂತ್ರಿ ಒಬ್ಬನೇ. ಹೇಳಿದ ಹೊತ್ತಿಗೆ ಸರಿಯಾಗಿ ಸಾಯ್ತಾನೆ. ಹೇಗೆ? ನಾನು ಹೇಳಲ್ಲ. ನಮ್ಮ ಎಲೆಕ್ಟ್ರಿಕಲ್ ಬ್ರಾಂಚಿನವರಿಗೆ ಮಾತ್ರ ಅರ್ಧದಲ್ಲೇ ಅನುಮಾನ ಬರಬಹುದು.

1905ರಲ್ಲಿ ಪ್ರಕಾಶಕರು ಸಿಗದೆ ವ್ಯಾಲೇಸ್ ತಾನೇ ಟ್ಯಾಲಿಸ್ ಪ್ರೆಸ್ ಅಂತ ಶುರು ಮಾಡಿ ಇದನ್ನ ಅಚ್ಚು ಹಾಕಿಸಿದ. ಪುಸ್ತಕದಲ್ಲಿ ಉತ್ತರ ಕೊಡಲೇ ಇಲ್ಲ! ಮಂತ್ರಿ ಹೇಗೆ ಸತ್ತ ಅಂತ ಸರಿಯಾಗಿ ಊಹಿಸಿದವರಿಗೆ ಒಟ್ಟು 500 ಪೌಂಡ್ ಬಹುಮಾನ ಅಂತ ಸಾರಿದ. ಬಸ್ಸಿನ ಮೇಲೆ, ಗೋಡೆಗಳ ಮೇಲೆ, ಎಲ್ಲಾ ಕಡೆ ಜಾಹೀರಾತು. ಪುಸ್ತಕ ಬಿಸಿ ದೋಸೆ ತರ ಖರ್ಚಾಯ್ತು. ಆದ್ರೆ ನಿಯಮದಲ್ಲಿ ಒಂದು ಸಾಲು ಬಿಟ್ಟುಹೋಗಿತ್ತು. ಒಬ್ಬರಿಗಿಂತ ಹೆಚ್ಚು ಜನ ಸರಿಯಾಗಿ ಹೇಳಿದ್ರೆ ಏನು ಮಾಡೋದು ಅನ್ನೋದು ಬರೆದಿರಲಿಲ್ಲ. ಸರಿ ಉತ್ತರ ಹೇಳಿದವರೆಲ್ಲ ಬಹುಮಾನಕ್ಕೆ ಹಕ್ಕುದಾರರು. ಕೋಡ್ ಬರೆಯುವಾಗ ಲೂಪಿಗೆ ಲಿಮಿಟ್ ಹಾಕೋದು ಮರೆತ ಹಾಗೆ. ಕತೆಯ ಪ್ಲಾಟಿನಲ್ಲಿ ಒಂದು ತೂತೂ ಬಿಡದವನು ಸ್ಪರ್ಧೆಯ ನಿಯಮದಲ್ಲಿ ಇಷ್ಟು ದೊಡ್ಡ ತೂತು ಬಿಟ್ಟಿದ್ದ.

ಗೆದ್ದವರ ಪಟ್ಟಿ ಬರೋದು ತಡವಾಯ್ತು, ಜನಕ್ಕೆ ಇದು ಮೋಸ ಅನ್ನೋ ಅನುಮಾನ ಬಂತು. ಕೊನೆಗೆ ಡೈಲಿ ಮೇಲ್ ಮಾಲೀಕ ಹಾರ್ಮ್ಸ್‌ವರ್ತ್ ತನ್ನ ಪತ್ರಿಕೆಯ ಮಾನ ಉಳಿಸೋಕೆ ಸಾವಿರಾರು ಪೌಂಡ್ ಸಾಲ ಕೊಡಬೇಕಾಯ್ತು. ಪುಸ್ತಕ ಗೆದ್ದಿತು, ಬರೆದವನು ದಿವಾಳಿಯಾದ. ಪುಸ್ತಕದ ಹಕ್ಕನ್ನ ನೂರು ಪೌಂಡಿಗಿಂತ ಕಡಿಮೆಗೆ ಮಾರಿಬಿಟ್ಟ. 1907ರಲ್ಲಿ ಡೈಲಿ ಮೇಲ್ ಕೆಲಸವೂ ಹೋಯ್ತು. ಅವನ ವರದಿಗಳಲ್ಲಿದ್ದ ತಪ್ಪುಗಳಿಂದ ಪತ್ರಿಕೆ ಮಾನನಷ್ಟ ಕೇಸುಗಳಲ್ಲಿ ಸಿಕ್ಕಿಕೊಂಡಿತ್ತು.

ಅಲ್ಲಿಂದ ಅವನು ಬರೆದಿದ್ದು ಬದುಕೋಕೆ. 1911ರಲ್ಲಿ ಬಂದ ಸ್ಯಾಂಡರ್ಸ್ ಆಫ್ ದಿ ರಿವರ್ ಆಫ್ರಿಕಾದ ಕಥೆಗಳು. ತುಂಬಾ ಜನಪ್ರಿಯ ಆದ್ವು, ಆದ್ರೆ ಅದರಲ್ಲಿ ಬಿಳಿಯ ಅಧಿಕಾರಿಯೇ ದೊಡ್ಡವನು, ಅಲ್ಲಿನ ಜನ ಬುದ್ಧಿ ಬೆಳೆಯದ ಮಕ್ಕಳು. ಒಂದು ಕಾಲದಲ್ಲಿ ಅದೇ ಬ್ರಿಟಿಷರ ಕೈಕೆಳಗಿದ್ದ ನಾವು ಅದನ್ನ ಖುಷಿಯಿಂದ ಓದೋದು ಕಷ್ಟ.

ಪತ್ತೇದಾರಿಯಲ್ಲಿ ಮಾತ್ರ ಅವನದು ಬೇರೆ ದಾರಿ. ಹೋಮ್ಸ್ ಕಥೆಗಳಲ್ಲಿ ಪೊಲೀಸರು ಸಾಮಾನ್ಯವಾಗಿ ದಡ್ಡರು. ವ್ಯಾಲೇಸ್ ಅನೇಕ ಕಡೆ ಸ್ಕಾಟ್ಲೆಂಡ್ ಯಾರ್ಡಿನ ಪೊಲೀಸರನ್ನೇ ಹೀರೋ ಮಾಡಿದ. ನನಗೆ ಇಷ್ಟ ಆಗಿದ್ದು 1925ರ ಕಥೆಗಳ ಮಿಸ್ಟರ್ ಜೆ. ಜಿ. ರೀಡರ್. ಸರ್ಕಾರಿ ವಕೀಲರ ಕಚೇರಿಯಲ್ಲಿ ಕೆಲಸ, ಹಳೇ ಕಾಲದ ಟೋಪಿ, ಕೈಯಲ್ಲಿ ಯಾವಾಗಲೂ ಛತ್ರಿ. ನೋಡೋಕೆ ಪಾಪದ ಗುಮಾಸ್ತ. ಆದ್ರೆ ತನ್ನ ತಲೆ ಓಡೋದು ಅಪರಾಧಿಯ ತಲೆ ಓಡೋ ಹಾಗೇ ಅಂತ ಅವನೇ ನಾಚಿಕೆಯಿಂದ ಒಪ್ಪಿಕೊಳ್ತಾನೆ.

1920ರ ದಶಕದಲ್ಲಿ ವ್ಯಾಲೇಸ್ ಅಂದ್ರೆ ಒಂದು ಫ್ಯಾಕ್ಟರಿ. ಉದ್ದನೆಯ ಹೋಲ್ಡರಿನಲ್ಲಿ ಸಿಗರೇಟು, ಪಕ್ಕದಲ್ಲಿ ಸಕ್ಕರೆ ಜಾಸ್ತಿ ಹಾಕಿದ ಟೀ. ಕಥೆಯನ್ನ ಬಾಯಲ್ಲಿ ಹೇಳ್ತಾ ಹೋಗೋದು, ಮೇಣದ ಸಿಲಿಂಡರಿನಲ್ಲಿ ಅದು ರೆಕಾರ್ಡ್ ಆಗೋದು, ಸೆಕ್ರೆಟರಿ ಟೈಪ್ ಮಾಡೋದು. ಒಂದು ವೀಕೆಂಡಿನಲ್ಲಿ ಒಂದು ಕಾದಂಬರಿ ಮುಗಿಸಿದ್ದೂ ಉಂಟು. ಒಟ್ಟು 170ಕ್ಕೂ ಹೆಚ್ಚು ಕಾದಂಬರಿ. ಹಿಂದಿನ ರಾತ್ರಿ ಅಸೈನ್‌ಮೆಂಟ್ ಬರೆಯೋ ನಾವೆಲ್ಲ ಅವನ ಕಾಲು ಮುಟ್ಟಿ ನಮಸ್ಕಾರ ಮಾಡ್ಬೇಕು. ಆದ್ರೆ ಬಂದ ದುಡ್ಡೆಲ್ಲ ಕುದುರೆ ರೇಸಿಗೆ, ದೊಡ್ಡ ಮನೆಗೆ, ಪಾರ್ಟಿಗಳಿಗೆ ಹೋಗ್ತಿತ್ತು. ಸಾಲ ತೀರಿಸೋಕೆ ಬರೆಯೋದು, ಬರೆದ ದುಡ್ಡಲ್ಲಿ ಮತ್ತೆ ಸಾಲ ಮಾಡೋದು.

1931ರಲ್ಲಿ ಬ್ಲ್ಯಾಕ್‌ಪೂಲ್‌ನಿಂದ ಚುನಾವಣೆಗೆ ನಿಂತು ದೊಡ್ಡ ಅಂತರದಲ್ಲಿ ಸೋತ. ಅದೇ ವರ್ಷದ ಕೊನೆಗೆ ಹಾಲಿವುಡ್ಡಿಗೆ ಹೋದ. ಅಲ್ಲಿ ಒಂದು ದೈತ್ಯ ಗೊರಿಲ್ಲಾದ ಸಿನಿಮಾಗೆ ಮೊದಲ ಚಿತ್ರಕಥೆ ಬರೆದುಕೊಟ್ಟ. ಮೈಯಲ್ಲಿ ಸಕ್ಕರೆ ಕಾಯಿಲೆ ಇರೋದು ಗೊತ್ತೇ ಇರಲಿಲ್ಲ. ಅದರ ಮೇಲೆ ನ್ಯುಮೋನಿಯಾ ಬಂತು. 1932ರ ಫೆಬ್ರವರಿ 10ರಂದು, ಐವತ್ತಾರನೇ ವಯಸ್ಸಿನಲ್ಲಿ ತೀರಿಕೊಂಡ. ಆ ಗೊರಿಲ್ಲಾವನ್ನ ತೆರೆ ಮೇಲೆ ಅವನು ನೋಡಲೇ ಇಲ್ಲ.

ಹಡಗಿನಲ್ಲಿ ಅವನ ದೇಹ ಇಂಗ್ಲೆಂಡಿಗೆ ಬಂದಾಗ ಬಂದರಿನಲ್ಲಿ ಬಾವುಟಗಳನ್ನ ಅರ್ಧಕ್ಕೆ ಇಳಿಸಿದ್ದರು. ಪತ್ರಿಕೆಗಳ ಬೀದಿ ಫ್ಲೀಟ್ ಸ್ಟ್ರೀಟಿನಲ್ಲಿ ಗಂಟೆ ಬಾರಿಸಿದರು. ಹಿಂದೆ ಪೇಪರ್ ಮಾರ್ತಾ ನಿಂತಿದ್ದ ಲಡ್‌ಗೇಟ್ ಸರ್ಕಸ್‌ನಲ್ಲಿ ಈಗ ಅವನ ಹೆಸರಿನ ಫಲಕ ಇದೆ. ಬಿಟ್ಟುಹೋದ ಸಾಲ ಒಂದು ಲಕ್ಷ ಪೌಂಡಿಗೂ ಮೇಲೆ. ಮನೆಯವರಿಗೆ ಏನೂ ಉಳಿಯಲ್ಲ ಅಂತ ಎಲ್ಲರೂ ಅಂದುಕೊಂಡ್ರು. ಆದ್ರೆ ಪುಸ್ತಕಗಳು ಮಾರಾಟ ಆಗ್ತಾನೇ ಇದ್ವು. ಕೆಲವೇ ವರ್ಷಗಳಲ್ಲಿ ರಾಯಲ್ಟಿ ದುಡ್ಡಿನಿಂದಲೇ ಸಾಲ ತೀರಿತು. ಸತ್ತ ಮೇಲೂ ಅವನ ಕಥೆಗಳು ಸಾಲ ಕಟ್ಟುತ್ತಾ ಇದ್ವು.

ಪಾಲಿ ಬಂದಾಗ ಮಾತ್ರ ಆ ರಾಯಲ್ಟಿ ಇನ್ನೂ ಶುರುವಾಗಿರಲಿಲ್ಲ. ದಿ ಫೋರ್ ಜಸ್ಟ್ ಮೆನ್ ಬಂದಿದ್ದೇ ಅವಳು ಸತ್ತು ಎರಡು ವರ್ಷಕ್ಕೆ. ಅವನ ಬದುಕಲ್ಲಿ ನನಗೆ ಮತ್ತೆ ಮತ್ತೆ ನೆನಪಾಗೋದು ಆ ಎರಡು ವರ್ಷವೇ.

ಅವನ ಪುಸ್ತಕಗಳ ಕಾಪಿರೈಟ್ ಮುಗಿದಿದೆ, ಇಂಟರ್ನೆಟ್‌ನಲ್ಲಿ ಉಚಿತವಾಗಿ ಸಿಗ್ತವೆ. ಕಾಗದದಲ್ಲೇ ಬೇಕು ಅನ್ನೋರಿಗೆ ಅಜ್ಜನ ಪ್ರತಿ ನನ್ನ ಹತ್ರ ಇದೆ. ರಟ್ಟಿಲ್ಲ, ಆದ್ರೆ ಕೊನೇ ಪುಟ ಇದೆ. ಅದನ್ನ ಮಾತ್ರ ಮೊದಲು ತೆಗೆದು ನೋಡ್ಬೇಡಿ.