ಚೆಂದ ಇದ್ದರಷ್ಟೇ ನದಿಗೆ ರಕ್ಷಣೆಯೇ? ಫ್ರಾಂಕ್ ಚರ್ಚ್ ಬದುಕು ಹೇಳುವ ಉತ್ತರ

ನೋಡಲು ಚೆಂದ ಇರುವ ನದಿಗೆ ಮಾತ್ರ ಸರ್ಕಾರದ ರಕ್ಷಣೆ ಸಿಗುತ್ತದೆ, ಸಿಕ್ಕ ಮೇಲೆ ದಡದಲ್ಲಿರುವವರೆಲ್ಲ ಜಾಗ ಬಿಡಬೇಕು ಎಂದು ಅಂದುಕೊಂಡಿದ್ದೀರಾ? ಅಮೆರಿಕದ ‘ವನ್ಯ ಮತ್ತು ರಮ್ಯ ನದಿಗಳ ಕಾಯ್ದೆ’ಯ ಮಟ್ಟಿಗೆ ಈ ಎರಡೂ ಮಾತು ತಪ್ಪು. ಯಾಕೆ ಎಂದು ತಿಳಿಯಲು ಆ ಕಾಯ್ದೆಗಾಗಿ ಹೋರಾಡಿದ ಸೆನೆಟರ್ ಫ್ರಾಂಕ್ ಚರ್ಚ್ ಅವರ ಬದುಕನ್ನು ನೋಡೋಣ.

ಚರ್ಚ್ ಹುಟ್ಟಿದ್ದು 1924ರಲ್ಲಿ, ಅಮೆರಿಕದ ಐಡಾಹೊ ರಾಜ್ಯದ ಬಾಯ್ಸಿ ನಗರದಲ್ಲಿ. ಎರಡನೇ ಮಹಾಯುದ್ಧದಲ್ಲಿ ಸೇನೆಯ ಗುಪ್ತಚರ ವಿಭಾಗದಲ್ಲಿದ್ದರು. ಯುದ್ಧ ಮುಗಿದ ಮೇಲೆ ಕಾನೂನು ಓದುತ್ತಿದ್ದಾಗ ವೃಷಣದ ಕ್ಯಾನ್ಸರ್ ಪತ್ತೆಯಾಯಿತು. ಇನ್ನು ಕೆಲವೇ ತಿಂಗಳು ಎಂದು ವೈದ್ಯರು ಹೇಳಿಬಿಟ್ಟಿದ್ದರು. ಆದರೆ ಎಕ್ಸ್-ರೇ ವಿಕಿರಣ ಚಿಕಿತ್ಸೆ ಫಲ ಕೊಟ್ಟಿತು, ಬದುಕಿದರು. 1956ರಲ್ಲಿ, 32ನೇ ವಯಸ್ಸಿಗೇ ಸೆನೆಟ್‌ಗೆ ಆಯ್ಕೆಯಾದರು.

ಅಣೆಕಟ್ಟು ಬೇಕು ಎಂದಿದ್ದವರು

ಹೊಸ ಸೆನೆಟರ್ ನದಿ ಉಳಿಸಲು ಹೊರಟಿರಲಿಲ್ಲ. 1957ರಲ್ಲಿ ಸ್ನೇಕ್ ನದಿಯ ಹೆಲ್ಸ್ ಕ್ಯಾನ್ಯನ್ ಎಂಬ ಆಳವಾದ ಕಣಿವೆಯಲ್ಲಿ ಸರ್ಕಾರವೇ ದೊಡ್ಡ ಅಣೆಕಟ್ಟು ಕಟ್ಟಲಿ ಎಂದು ವಾದಿಸಿದ್ದರು. ವಿದ್ಯುತ್ತು, ನೀರಾವರಿ ಬೇಕಾಗಿದ್ದ ರಾಜ್ಯದ ಪ್ರತಿನಿಧಿಗೆ ಅದು ಸಹಜವೇ ಆಗಿತ್ತು. ಆ ಸರ್ಕಾರಿ ಅಣೆಕಟ್ಟು ಬರಲಿಲ್ಲ. ಬದಲಿಗೆ ಖಾಸಗಿ ಕಂಪನಿ ಅದೇ ನದಿಗೆ ಮೂರು ಅಣೆಕಟ್ಟು ಕಟ್ಟಿತು.

ಮುಂದಿನ ವರ್ಷಗಳಲ್ಲಿ ಚರ್ಚ್ ನಿಲುವು ಬದಲಾಯಿತು. ಎಲ್ಲ ನದಿಗೂ ಅಣೆಕಟ್ಟು ಹಾಕುತ್ತಾ ಹೋದರೆ ಹರಿಯುವ ನದಿ ಎಂಬುದೇ ಉಳಿಯುವುದಿಲ್ಲ ಎಂಬುದು ಅವರ ವಾದವಾಯಿತು. ನದಿ ರಕ್ಷಣೆಯ ಮಸೂದೆಯನ್ನು ಸೆನೆಟ್‌ನಲ್ಲಿ ಮುನ್ನಡೆಸಿದರು. ಅವರದೇ ರಾಜ್ಯದಲ್ಲಿ ಗಣಿ, ಮರ ಮತ್ತು ನೀರಾವರಿಯನ್ನು ನಂಬಿದ್ದವರಲ್ಲಿ ಹಲವರು ವಿರೋಧಿಸಿದರು. ಆದರೂ 1968ರ ಅಕ್ಟೋಬರ್ 2ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದರು. ಮರುತಿಂಗಳೇ ಚುನಾವಣೆ. ಚರ್ಚ್ ಗೆದ್ದರು. ಮೊದಲ ಪಟ್ಟಿಯಲ್ಲಿ ಜಾಗ ಪಡೆದದ್ದು 8 ನದಿಗಳು, ಅವುಗಳಲ್ಲಿ 2 ಐಡಾಹೊದವು.

ಯಾವ ನದಿಗೆ ಅರ್ಹತೆ?

ಕಾಯ್ದೆ ಮೊದಲು ಕೇಳುವುದು ಎರಡು ಪ್ರಶ್ನೆ.

1. ನದಿಯ ಆ ಭಾಗ ತಡೆಯಿಲ್ಲದೆ ಹರಿಯುತ್ತಿದೆಯೇ?

2. ಅಲ್ಲಿ ಎದ್ದು ಕಾಣುವ ಒಂದಾದರೂ ವಿಶೇಷವಿದೆಯೇ? ಅದು ನೋಟವೇ ಆಗಬೇಕಿಲ್ಲ. ಮೀನು, ವನ್ಯಜೀವಿ, ಭೂರಚನೆ, ಇತಿಹಾಸ, ಸಂಸ್ಕೃತಿ, ವಿಹಾರ, ಯಾವುದಾದರೂ ಆದೀತು.

ಅಂದರೆ ಸಾಧಾರಣವಾಗಿ ಕಾಣುವ ನದಿಯೂ ಅಪರೂಪದ ಮೀನಿನಿಂದ ಅರ್ಹವಾಗಬಹುದು. ಅರ್ಹತೆ ಸಿಕ್ಕ ಮಾತ್ರಕ್ಕೆ ಪಟ್ಟಿಗೆ ಸೇರುವುದಿಲ್ಲ. ಸಂಸತ್ತು ಕಾನೂನು ಮಾಡಬೇಕು, ಇಲ್ಲವೇ ರಾಜ್ಯದ ಗವರ್ನರ್ ಕೋರಿಕೆಗೆ ಕೇಂದ್ರದ ಒಳಾಡಳಿತ ಕಾರ್ಯದರ್ಶಿ ಒಪ್ಪಬೇಕು.

ನಂತರ ವರ್ಗೀಕರಣ. ಇದು ಸೌಂದರ್ಯದ ರ‍್ಯಾಂಕ್ ಅಲ್ಲ, ಮನುಷ್ಯರ ಕೈ ಎಷ್ಟು ತಾಗಿದೆ ಎಂಬ ಲೆಕ್ಕ. ಸಾಮಾನ್ಯವಾಗಿ ಕಾಲುದಾರಿಯಲ್ಲಷ್ಟೇ ತಲುಪಬಹುದಾದ್ದು ‘ವನ್ಯ’. ಅಲ್ಲಲ್ಲಿ ರಸ್ತೆ ಇದ್ದರೆ ‘ರಮ್ಯ’. ಪಕ್ಕದಲ್ಲೇ ರಸ್ತೆ, ರೈಲು, ಕಟ್ಟಡ ಇದ್ದರೆ ‘ವಿಹಾರ’. ಒಂದೇ ನದಿಯ ಬೇರೆ ಬೇರೆ ಭಾಗಗಳು ಬೇರೆ ಬೇರೆ ವರ್ಗಕ್ಕೆ ಸೇರಬಹುದು.

ಮನೆ, ಜಮೀನಿನ ಗತಿ? ಪಟ್ಟಿಗೆ ಸೇರಿದ ಮಾತ್ರಕ್ಕೆ ಮಾಲೀಕತ್ವ ಬದಲಾಗುವುದಿಲ್ಲ. ಸರ್ಕಾರ ಬಲವಂತವಾಗಿ ಜಮೀನು ಪಡೆಯುವುದಕ್ಕೂ ಕಾಯ್ದೆಯಲ್ಲೇ ಮಿತಿಗಳಿವೆ. ಮುಖ್ಯ ನಿರ್ಬಂಧ ಬೀಳುವುದು ಹೊಸ ಅಣೆಕಟ್ಟುಗಳ ಮೇಲೆ, ನದಿಗೆ ಹಾನಿ ಮಾಡುವ ಕೇಂದ್ರ ಸರ್ಕಾರದ ಯೋಜನೆಗಳ ಮೇಲೆ.

ಮತ್ತೆ ಅದೇ ಕಣಿವೆಗೆ

1975ರಲ್ಲಿ ಚರ್ಚ್ ಹೆಲ್ಸ್ ಕ್ಯಾನ್ಯನ್‌ಗೆ ಮರಳಿದರು, ಈ ಬಾರಿ ಉಳಿಸಲು. ಮೂರು ಅಣೆಕಟ್ಟುಗಳ ಕೆಳಗೆ ಉಳಿದಿದ್ದ ಸ್ನೇಕ್ ನದಿಯ ಒಂದು ಭಾಗ ‘ವನ್ಯ’, ಇನ್ನೊಂದು ‘ರಮ್ಯ’ ಎಂದು ಪಟ್ಟಿ ಸೇರಿತು. ಅಲ್ಲಿ ಹೊಸ ಅಣೆಕಟ್ಟಿನ ದಾರಿ ಮುಚ್ಚಿತು. ಆದರೆ ಹಿಂದೆ ಕಟ್ಟಿದ ಮೂರೂ ಹಾಗೇ ನಿಂತಿವೆ. ಕಾಯ್ದೆ ಉಳಿದದ್ದನ್ನು ಕಾಯಬಲ್ಲದು, ಮುಳುಗಿದ ಕಣಿವೆಯನ್ನು ವಾಪಸ್ ಕೊಡಲಾರದು.

1980ರಲ್ಲಿ ಚರ್ಚ್ ಅಲ್ಪ ಅಂತರದಿಂದ ಸೋತರು. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ನಿಂದ 1984ರ ಏಪ್ರಿಲ್ 7ರಂದು, 59ನೇ ವಯಸ್ಸಿನಲ್ಲಿ ತೀರಿಕೊಂಡರು. ಅದಕ್ಕೆ ಕೆಲವೇ ವಾರ ಮೊದಲು ಐಡಾಹೊದ ವಿಶಾಲ ಅರಣ್ಯ ಪ್ರದೇಶಕ್ಕೆ ಅವರ ಹೆಸರಿಡಲಾಗಿತ್ತು. ಅದರ ನಡುವೆ ಸಾಮನ್ ನದಿ ಹರಿಯುತ್ತದೆ. ಹಿಂದೆ ದೋಣಿಗಳು ಅದರಲ್ಲಿ ಕೆಳಕ್ಕೆ ಹೋಗುತ್ತಿದ್ದವು, ಸೆಳೆತಕ್ಕೆ ಎದುರಾಗಿ ಮೇಲೆ ಬರಲಾಗುತ್ತಿರಲಿಲ್ಲ. ಹಾಗಾಗಿ ಅದಕ್ಕೆ ‘ಮರಳಿ ಬಾರದ ನದಿ’ ಎಂಬ ಹೆಸರು.

ನೆನಪಿಡಿ

ಇಂದು ಪಟ್ಟಿಯಲ್ಲಿ 200ಕ್ಕೂ ಹೆಚ್ಚು ನದಿಗಳಿವೆ. ಆದರೂ ಅದು ಅಮೆರಿಕದ ಒಟ್ಟು ನದಿಗಳ ಉದ್ದದಲ್ಲಿ ಶೇ. 1ಕ್ಕಿಂತ ಕಡಿಮೆ. ಇದು ಅಮೆರಿಕದ ಕಾನೂನು, ನಮ್ಮ ನದಿಗಳಿಗೆ ಅನ್ವಯಿಸುವುದಿಲ್ಲ. ಮುಂದೆ ಯಾರಾದರೂ ರಕ್ಷಿತ ನದಿಯ ಫೋಟೊ ಕಳಿಸಿ ಚೆಂದ ಇದೆ, ಅದಕ್ಕೇ ರಕ್ಷಿಸಿದ್ದಾರೆ ಎಂದರೆ ನಾವು ಕೇಳಬೇಕಾದ್ದು ಇಷ್ಟೇ: ಅದು ತಡೆಯಿಲ್ಲದೆ ಹರಿಯುತ್ತಿದೆಯೇ, ಅಲ್ಲಿ ಬೇರೆಲ್ಲೂ ಸುಲಭವಾಗಿ ಸಿಗದಂಥದ್ದು ಏನಿದೆ?