ಬೆಂಗಳೂರಿಗೆ ವಿಮಾನ ಕಾರ್ಖಾನೆ ತಂದ ವಾಲಚಂದ್ ಹೀರಾಚಂದ್

ಸೊಲ್ಲಾಪುರದ ದಿಗಂಬರ ಜೈನ ವ್ಯಾಪಾರಿ ಮನೆತನದಲ್ಲಿ 1882ರಲ್ಲಿ ಜನಿಸಿದ ವಾಲಚಂದ್ ಹೀರಾಚಂದ್ ದೋಶಿಯವರು ಮನೆಯ ವ್ಯಾಪಾರ ಬಿಟ್ಟು, ರೈಲ್ವೆ ಗುಮಾಸ್ತರಾಗಿದ್ದ ಲಕ್ಷ್ಮಣರಾವ್ ಫಾಟಕ್ ಅವರೊಡನೆ ಸೇರಿ ರೈಲ್ವೆ ಗುತ್ತಿಗೆ ಹಿಡಿದರು. ಮುಂದೆ ಮುಂಬಯಿ–ಪುಣೆ ರೈಲು ಮಾರ್ಗದ ಭೋರ್ ಘಾಟ್‌ನಲ್ಲಿ ಸುರಂಗ ಕೊರೆಸಿದರು. ಬೆಟ್ಟದೊಳಗೆ ಎಂಥ ಬಂಡೆಯಿದೆ ಎಂಬುದು ಅಗೆದ ಮೇಲೆಯೇ ತಿಳಿಯುವ ಕೆಲಸವದು.

ಅದೇ ಧೈರ್ಯ ಎರಡನೇ ಮಹಾಯುದ್ಧದ ಕಾಲಕ್ಕೆ ಬೆಂಗಳೂರಿಗೆ ಒದಗಿ ಬಂತು. ದೇಶದಲ್ಲಿ ವಿಮಾನ ಕಾರ್ಖಾನೆಯೇ ಇರಲಿಲ್ಲ. ಯಾವ ಮಾದರಿ ಬೇಕಾದೀತು, ಯಂತ್ರಗಳು ಯಾವಾಗ ಬಂದಾವು ಎಂಬುದೂ ಖಚಿತವಿರಲಿಲ್ಲ. ಎಲ್ಲವೂ ತಿಳಿಯಲೆಂದು ಅವರು ಕಾಯಲಿಲ್ಲ. ವಿಷಯ ಬಲ್ಲ ಅಮೆರಿಕದ ವಿಲಿಯಂ ಪಾಲಿಯವರನ್ನು ಜೊತೆಗೆ ತಂದರು. ಮೈಸೂರು ಸರ್ಕಾರವನ್ನು ಪಾಲಿಗೆ ಸೇರಿಸಿ ಹೊಣೆ ಹಂಚಿಕೊಂಡರು. 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸ್ಥಾಪನೆಯಾಯಿತು. ಮೊದಲು ಅಮೆರಿಕದ ವಿಮಾನಗಳನ್ನು ಇಲ್ಲಿ ಜೋಡಿಸಿ ಕೈ ಪಳಗಿಸಿಕೊಳ್ಳಲಾಯಿತು. 1941ರಲ್ಲೇ ಹಾರ್ಲೋ ತರಬೇತಿ ವಿಮಾನ ಹಾರಿತು.

ಯುದ್ಧ ಹತ್ತಿರವಾದಾಗ, 1942ರಲ್ಲಿ, ಭಾರತ ಸರ್ಕಾರ ಅವರ ಪಾಲನ್ನು ಕೊಂಡುಕೊಂಡಿತು. ಕಟ್ಟಿದ್ದು ಕೈಬಿಟ್ಟಿತು, ಆದರೆ ಕಾರ್ಖಾನೆ ಉಳಿಯಿತು. ವಾಲಚಂದ್ ಅವರು 1953ರ ಏಪ್ರಿಲ್ 8ರಂದು ನಿಧನರಾದರು. ಇಂದಿನ ಎಚ್‌ಎಎಲ್ ಬೆಳೆದದ್ದು ಅವರು ಹಾಕಿದ ಆ ಬುನಾದಿಯ ಮೇಲೆಯೇ.