ಗೀನೊ ಬಾರ್ತಾಲಿ: ಸೈಕಲ್ ವೀರನ ಮೌನವ್ರತ

ಭಾನುವಾರ ಬೆಳಗ್ಗೆಯೇ ಮಗನಿಗೆ ಪಂದ್ಯವಿದ್ದರೆ ಬಲಿಪೂಜೆಯ ಗತಿಯೇನು ಎಂಬ ಚಿಂತೆ ನಮ್ಮ ಅನೇಕ ಮನೆಗಳ ತಾಯಂದಿರನ್ನು ಕಾಡುವುದುಂಟು. ಆಟ ಒಂದು ಕಡೆ, ವಿಶ್ವಾಸ ಇನ್ನೊಂದು ಕಡೆ ಎಂದು ನಾವು ಬೇರ್ಪಡಿಸಿಬಿಟ್ಟಿದ್ದೇವೆ. ಇಟಲಿಯ ಸೈಕಲ್ ಪಟು ಗೀನೊ ಬಾರ್ತಾಲಿಯವರಿಗೆ ಈ ಭೇದ ತಿಳಿದಿರಲಿಲ್ಲ.

ಫ್ಲಾರೆನ್ಸ್ ನಗರದ ಬಳಿಯ ಪೊಂತೆ ಅ ಎಮಾ ಎಂಬ ಹಳ್ಳಿಯಲ್ಲಿ 1914ರ ಜುಲೈ 18ರಂದು ಕೂಲಿಕಾರನ ಮಗನಾಗಿ ಅವರು ಜನಿಸಿದರು. ಬಾಲ್ಯದಲ್ಲಿಯೇ ಸೈಕಲ್ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದರು. ಕಥೋಲಿಕ್ ಆ್ಯಕ್ಷನ್ ಸಂಘಟನೆಯ ಸದಸ್ಯರಾಗಿ ಬೆಳೆದರು. 1936ರಲ್ಲಿ, ಇನ್ನೂ ಇಪ್ಪತ್ತೊಂದರ ಹರೆಯದಲ್ಲಿ, ದೇಶದ ಅತಿ ದೊಡ್ಡ ಪಂದ್ಯವಾದ ಜೀರೊ ದಿತಾಲಿಯಾದಲ್ಲಿ ಜಯ ಗಳಿಸಿದರು. ಆ ಸಂತೋಷ ಹೆಚ್ಚು ದಿನ ಉಳಿಯಲಿಲ್ಲ. ಅದೇ ಜೂನ್ ತಿಂಗಳಲ್ಲಿ, ಅಣ್ಣನಂತೆಯೇ ಸೈಕಲ್ ಪಟುವಾಗಲು ಹೊರಟಿದ್ದ ತಮ್ಮ ಜೂಲಿಯೊ ಪಂದ್ಯವೊಂದರಲ್ಲಿ ಕಾರಿಗೆ ಡಿಕ್ಕಿ ಹೊಡೆದು ಮೃತಪಟ್ಟನು. ಸೈಕಲನ್ನು ಇನ್ನು ಮುಟ್ಟುವುದೇ ಬೇಡವೆಂದು ಗೀನೊ ಯೋಚಿಸಿದರು. ಆ ಶೋಕದಿಂದ ಹೊರಬಂದ ಬಾರ್ತಾಲಿ ಬೇರೆಯೇ ಮನುಷ್ಯ. ಸಂಸಾರಿಗಳೂ ಸೇರಬಹುದಾದ ಕಾರ್ಮೆಲ್ ತೃತೀಯ ಸಭೆಯಲ್ಲಿ ಅವರು ವ್ರತ ಕೈಗೊಂಡರು. ಬಾಲ ಯೇಸುವಿನ ಸಂತ ತೆರೇಸಾ ಅವರ ಅಚ್ಚುಮೆಚ್ಚಿನ ಸಂತಳು. ಪಂದ್ಯದ ದಿನಗಳಲ್ಲಿಯೂ ಬಲಿಪೂಜೆಗೆ ಹೋಗುತ್ತಿದ್ದ ಅವರಿಗೆ ಪತ್ರಿಕೆಗಳು ಭಕ್ತ ಗೀನೊ ಎಂಬ ಬಿರುದನ್ನಿತ್ತವು. ಅದರಲ್ಲಿ ಸ್ವಲ್ಪ ಪರಿಹಾಸ್ಯವೂ ಬೆರೆತಿತ್ತೆನ್ನಬೇಕು.

ಹಾಗೆಂದು ಅವರನ್ನು ಪೀಠದ ಮೇಲಿನ ಪ್ರತಿಮೆಯಾಗಿ ಕಲ್ಪಿಸಿಕೊಳ್ಳುವುದು ಬೇಡ. ಸಿಗರೇಟು ಸೇದುತ್ತಿದ್ದರು, ಗೊಣಗುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ, ಪ್ರತಿಸ್ಪರ್ಧಿ ಫೌಸ್ತೊ ಕೊಪ್ಪಿಯವರೊಡನೆ ವರ್ಷಗಟ್ಟಲೆ ಸೆಣಸಿದರು.

1938ರಲ್ಲಿ ಫ್ರಾನ್ಸ್ ದೇಶವನ್ನೇ ಸುತ್ತುವ ಟೂರ್ ದ ಫ್ರಾನ್ಸ್ ಪಂದ್ಯವನ್ನು ಗೆದ್ದರು. ಈ ವಿಜಯ ತನ್ನದೆಂದು ಮೆರೆಯಲು ಮುಸೊಲಿನಿಯ ಸರಕಾರ ಕಾದಿತ್ತು. ಬಾರ್ತಾಲಿ ಸರ್ವಾಧಿಕಾರಿಯ ಹೆಸರನ್ನೆತ್ತಲಿಲ್ಲ. ತಮಗೆ ದೊರೆತ ಹೂಗುಚ್ಛವನ್ನು ಪ್ಯಾರಿಸ್ಸಿನ ವಿಜಯಮಾತೆಯ ದೇವಾಲಯದಲ್ಲಿ ಮರಿಯಮ್ಮನವರ ಪಾದದಲ್ಲಿಟ್ಟರು. ಆ ಕಾಲದ ಇಟಲಿಯಲ್ಲಿ ಇದು ಸಣ್ಣ ಧೈರ್ಯವಲ್ಲ.

1940ರಲ್ಲಿ ಆದ್ರಿಯಾನಾ ಎಂಬವರೊಡನೆ ಅವರ ವಿವಾಹವನ್ನು ನೆರವೇರಿಸಿದವರು ಫ್ಲಾರೆನ್ಸಿನ ಮಹಾಧರ್ಮಾಧ್ಯಕ್ಷ ಕಾರ್ಡಿನಲ್ ಎಲಿಯಾ ದಲ್ಲಾ ಕೋಸ್ತಾ. 1938ರಲ್ಲಿ ಹಿಟ್ಲರ್ ಫ್ಲಾರೆನ್ಸಿಗೆ ಬಂದಾಗ ತಮ್ಮ ನಿವಾಸದ ಕಿಟಕಿಗಳನ್ನು ಮುಚ್ಚಿಸಿದ ಧೀರರು ಅವರು. 1943ರ ಸೆಪ್ಟೆಂಬರಿನಲ್ಲಿ ಜರ್ಮನ್ ಸೇನೆ ದೇಶವನ್ನು ಆಕ್ರಮಿಸಿ ಯೆಹೂದ್ಯರ ಬೇಟೆ ಆರಂಭವಾದಾಗ, ಕಾರ್ಡಿನಲ್‌ರವರು ಅವರನ್ನು ಕನ್ಯಾಮಠಗಳಲ್ಲಿ, ಗುರುಮಠಗಳಲ್ಲಿ ಅಡಗಿಸುವ ಕಾರ್ಯಕ್ಕೆ ಕೈಹಾಕಿದರು. ಅಡಗಿದವರಿಗೆ ಬೇರೆ ಹೆಸರಿನ ಗುರುತುಪತ್ರಗಳು ಬೇಕಾಗಿದ್ದವು. ಅವುಗಳನ್ನು ಅಸ್ಸಿಸಿ ಪಟ್ಟಣದಲ್ಲಿ ಗುಟ್ಟಾಗಿ ಅಚ್ಚು ಹಾಕಲಾಗುತ್ತಿತ್ತು. ಸಾಕ್ಷ್ಯಗಳು ಹೇಳುವಂತೆ, ಭಾವಚಿತ್ರಗಳನ್ನೂ ಪತ್ರಗಳನ್ನೂ ಸೈಕಲ್ಲಿನ ಟೊಳ್ಳು ಕೊಳವೆಯೊಳಗೆ ಸುರುಳಿ ಸುತ್ತಿಟ್ಟು, ಅಭ್ಯಾಸದ ನೆಪದಲ್ಲಿ ಬಾರ್ತಾಲಿಯವರು ಆ ದೀರ್ಘ ದಾರಿಯನ್ನು ಕ್ರಮಿಸುತ್ತಿದ್ದರು. ಸೈನಿಕರು ತಡೆದರೆ ಪ್ರಸಿದ್ಧ ಪಟುವಿನ ಮುಖ ನೋಡಿ ಬಿಟ್ಟುಬಿಡುತ್ತಿದ್ದರಂತೆ. ಇದಲ್ಲದೆ ಪರಿಚಯದ ಯೆಹೂದ್ಯ ಕುಟುಂಬವೊಂದನ್ನು ತಮ್ಮ ಒಡೆತನದ ಮನೆಯಲ್ಲಿ ಅಡಗಿಸಿಟ್ಟರು. ಸಿಕ್ಕಿಬಿದ್ದಿದ್ದರೆ ಮರಣವೇ ಗತಿ. ಮನೆಯಲ್ಲಿ ಪತ್ನಿಯೂ ಎಳೆಯ ಮಗನೂ ಇದ್ದರು. 1944ರಲ್ಲಿ ಫ್ಯಾಸಿಸ್ಟ್ ಪಡೆಯವರು ಅವರನ್ನು ಹಿಡಿದು ವಿಚಾರಣೆಗೂ ಗುರಿಪಡಿಸಿದರು, ದೈವಕೃಪೆಯಿಂದ ಬಿಡುಗಡೆಯಾಯಿತು.

ಅಸ್ಸಿಸಿಗೆ ಅವರು ಪತ್ರ ಸಾಗಿಸಿದ ವಿಷಯದಲ್ಲಿ ಕೆಲವು ಇತಿಹಾಸಕಾರರು ಇತ್ತೀಚಿನ ವರ್ಷಗಳಲ್ಲಿ ಸಂದೇಹ ವ್ಯಕ್ತಪಡಿಸಿರುವುದನ್ನು ಇಲ್ಲಿ ಮುಚ್ಚಿಡಬೇಕಾಗಿಲ್ಲ. ಲಿಖಿತ ಆಧಾರ ಕಡಿಮೆ. ಗುಟ್ಟಾಗಿ ನಡೆದ ಕೆಲಸಕ್ಕೆ ಯಾರು ತಾನೇ ಲೆಕ್ಕ ಬರೆದಿಟ್ಟಾರು? ಆದರೆ ಆಶ್ರಯ ಪಡೆದ ಕುಟುಂಬದ ಮಗನೇ ವೃದ್ಧಾಪ್ಯದಲ್ಲಿ ಸಾಕ್ಷಿ ನುಡಿದಿದ್ದಾನೆ.

ಯುದ್ಧ ಅವರ ಯೌವನದ ಉತ್ತಮ ವರ್ಷಗಳನ್ನು ನುಂಗಿತ್ತು. 1948ರ ಟೂರ್‌ನಲ್ಲಿ ಅವರಿಗೆ ಮೂವತ್ತನಾಲ್ಕರ ಹೊಸ್ತಿಲು. ಮುಂದಿದ್ದ ಲುಯಿಸೊ ಬೊಬೆಗಿಂತ 21 ನಿಮಿಷಕ್ಕೂ ಮಿಗಿಲಾಗಿ ಹಿಂದೆ ಬಿದ್ದಿದ್ದರು. ಜುಲೈ 14ರಂದು ರೋಮಿನಲ್ಲಿ ಕಮ್ಯುನಿಸ್ಟ್ ನಾಯಕ ತೊಲ್ಯಾತ್ತಿಯವರ ಮೇಲೆ ಗುಂಡು ಹಾರಿತು. ದೇಶ ಅಂತರ್ಯುದ್ಧದ ಅಂಚಿಗೆ ಬಂದು ನಿಂತಿತು. ಪ್ರಧಾನಿ ದೆ ಗಾಸ್ಪೆರಿಯವರು ದೂರವಾಣಿಯಲ್ಲಿ ಬಾರ್ತಾಲಿಯವರನ್ನು ಕರೆದು, ಗೆಲ್ಲಲು ಸಾಧ್ಯವೇ ಎಂದು ವಿಚಾರಿಸಿದರೆಂದು ಪ್ರತೀತಿ. ಮರುದಿನ ಆಲ್ಪ್ಸ್ ಪರ್ವತದ ಹಾದಿಯಲ್ಲಿ ಅವರು ಎಲ್ಲರನ್ನೂ ಹಿಂದೆ ಹಾಕಿದರು. ಹೀಗೆ ಸತತ ಮೂರು ಹಂತಗಳು ಅವರ ಪಾಲಾದವು. ಕೊನೆಗೆ 26 ನಿಮಿಷಗಳ ಅಂತರದಿಂದ ಪ್ರಶಸ್ತಿ ಗೆದ್ದರು. ತೊಲ್ಯಾತ್ತಿಯವರೂ ಬದುಕುಳಿದರು, ಗಲಭೆಯೂ ಅಡಗಿತು. ಸೈಕಲ್ಲೊಂದೇ ದೇಶವನ್ನು ಉಳಿಸಿತೆಂಬುದು ಅತಿಶಯೋಕ್ತಿ; ಆದರೂ ಆ ದಿನಗಳಲ್ಲಿ ಎಡದವರೂ ಬಲದವರೂ ಒಂದೇ ರೇಡಿಯೊ ಮುಂದೆ ಕಿವಿಗೊಟ್ಟು ಕುಳಿತಿದ್ದರೆಂಬುದು ಇಟಲಿಯ ಹಿರಿಯರ ನೆನಪು.

1954ರಲ್ಲಿ ಅವರು ಪಂದ್ಯಗಳಿಂದ ನಿವೃತ್ತರಾದರು. ತಾವು ಗೆದ್ದ ಓಟಗಳ ಬಗ್ಗೆ ಎಷ್ಟು ಬೇಕಾದರೂ ಮಾತನಾಡುತ್ತಿದ್ದ, ವಾದಿಸುತ್ತಿದ್ದ ಈ ಮನುಷ್ಯ ಯುದ್ಧಕಾಲದ ಉಪಕಾರದ ವಿಷಯ ಬಂದರೆ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಮಗ ಆಂದ್ರೆಯಾನಿಗೆ ಅಷ್ಟಿಷ್ಟು ಹೇಳಿದಾಗಲೂ, ಯಾರ ಮುಂದೆಯೂ ಆಡಬಾರದೆಂದು ಕಟ್ಟುಮಾಡಿದ್ದರು. ಒಳಿತನ್ನು ಮಾಡಬೇಕೇ ಹೊರತು ಸಾರಬಾರದೆಂಬುದು ಅವರ ನಿಲುವು.

2000ದ ಮೇ 5ರಂದು ಫ್ಲಾರೆನ್ಸಿನಲ್ಲಿ ಅವರು ಪ್ರಭುವಿನಲ್ಲಿ ನಿದ್ರಿಸಿದರು. ಕಾರ್ಮೆಲ್ ತೃತೀಯ ಸಭೆಯ ಕಂದು ವಸ್ತ್ರದಲ್ಲಿಯೇ ಅವರನ್ನು ಸಮಾಧಿ ಮಾಡಲಾಯಿತು. ಜೆರುಸಲೇಮಿನ ಯಾದ್ ವಾಶೆಮ್ ಸಂಸ್ಥೆ, ಯೆಹೂದ್ಯರ ಪ್ರಾಣ ಕಾಪಾಡಿದ ನೀತಿವಂತರ ಪಟ್ಟಿಗೆ ಕಾರ್ಡಿನಲ್ ದಲ್ಲಾ ಕೋಸ್ತಾರನ್ನು 2012ರಲ್ಲಿಯೂ ಬಾರ್ತಾಲಿಯವರನ್ನು ಅದರ ಮರುವರ್ಷವೂ ಸೇರಿಸಿತು. ಆ ವೇಳೆಗೆ ಅವರು ಮಣ್ಣಾಗಿ ಹದಿಮೂರು ವರ್ಷಗಳು ಸಂದಿದ್ದವು.